ಅಜೋಲ್ ಮತ್ತು ಎಚ್‌ಐವಿ ಔಷಧ: ಯಾವುದರ ಮಟ್ಟ ಏರುತ್ತದೆ, ಯಾವುದರದು ಇಳಿಯುತ್ತದೆ?

ಅಜೋಲ್ ಗುಂಪಿನ ಫಂಗಸ್ ಔಷಧಗಳೆಲ್ಲ ಔಷಧಗಳನ್ನು ಒಡೆಯುವ ಯಕೃತ್ತಿನ ಸಿವೈಪಿ 3ಎ4 ಕಿಣ್ವವನ್ನು ಹೆಚ್ಚುಕಡಿಮೆ ತಡೆಯುತ್ತವೆ. ಎಚ್‌ಐವಿ ಔಷಧ ರಿಟೊನಾವಿರ್ ಕೂಡ ತಡೆಯುತ್ತದೆ. ಎಫಾವಿರೆಂಜ್, ನೆವಿರಪಿನ್ ಎಂಬ ಎಚ್‌ಐವಿ ಔಷಧಗಳು ಅದನ್ನು ಚುರುಕಾಗಿಸುತ್ತವೆ. ಇಷ್ಟನ್ನೇ ಬಾಯಿಪಾಠ ಮಾಡಿಕೊಂಡರೆ ವೊರಿಕೊನಜೋಲ್ ಎಂಬ ಅಜೋಲ್‌ನ ಪ್ರಶ್ನೆಯಲ್ಲಿ ಎಡವುವುದು ಖಂಡಿತ.

ರಿಟೊನಾವಿರ್ ಜೊತೆ ಕೊಟ್ಟರೆ ವೊರಿಕೊನಜೋಲ್ ಏರಬೇಕಲ್ಲವೇ? ಇಳಿಯುತ್ತದೆ. ವೊರಿಕೊನಜೋಲ್ ಅನ್ನು ಒಡೆಯುವ ಮುಖ್ಯ ಕಿಣ್ವ 3ಎ4 ಅಲ್ಲ, 2ಸಿ19. ರಿಟೊನಾವಿರ್ ಅದನ್ನು ಚುರುಕಾಗಿಸುತ್ತದೆ. ರಿಟೊನಾವಿರ್ 400 ಮಿ.ಗ್ರಾಂ ದಿನಕ್ಕೆರಡು ಸಲ ಕೊಟ್ಟಾಗ ವೊರಿಕೊನಜೋಲ್‌ನ ಎಯುಸಿ (ರಕ್ತಕ್ಕೆ ಸಿಗುವ ಒಟ್ಟು ಔಷಧದ ಅಳತೆ) ಸುಮಾರು 82% ಇಳಿಯುತ್ತದೆ, 100 ಮಿ.ಗ್ರಾಂನಲ್ಲಿ 39%. ಹುಟ್ಟಿನಿಂದಲೇ 2ಸಿ19 ಕೆಲಸ ಮಾಡದವರಲ್ಲಿ ಮಾತ್ರ 3ಎ4 ದಾರಿಯೂ ಮುಚ್ಚಿ ಮಟ್ಟ ಏರುತ್ತದೆ. ಆದ್ದರಿಂದ ಈ ಜೋಡಿ ಬೇಡ, ಬೇರೆ ದಾರಿಯೇ ಇಲ್ಲದಿದ್ದರೆ ರಕ್ತದಲ್ಲಿ ಟ್ರಫ್ ಮಟ್ಟ, ಅಂದರೆ ಮುಂದಿನ ಡೋಸ್‌ಗೆ ತುಸು ಮುಂಚಿನ ಮಟ್ಟ, ಅಳೆಯಿರಿ (ಗುರಿ 1–5.5 ಮಿ.ಗ್ರಾಂ/ಲೀ.).

ಎಫಾವಿರೆಂಜ್ ಜೊತೆಗೂ ವೊರಿಕೊನಜೋಲ್ 77% ಇಳಿಯುತ್ತದೆ, ಎಫಾವಿರೆಂಜ್ 44% ಏರುತ್ತದೆ. ಪುಸ್ತಕದ ಪರಿಹಾರ: ವೊರಿಕೊನಜೋಲ್ 400 ಮಿ.ಗ್ರಾಂ ದಿನಕ್ಕೆರಡು ಸಲ, ಎಫಾವಿರೆಂಜ್ 300 ಮಿ.ಗ್ರಾಂ ಒಂದು ಸಲ. ಆದರೆ ರೋಗಿ ನುಂಗುತ್ತಿರುವುದು 600 ಮಿ.ಗ್ರಾಂ ಎಫಾವಿರೆಂಜ್ ಜೊತೆ ಟೆನೊಫೊವಿರ್‌ನಂಥ ಎಚ್‌ಐವಿ ಔಷಧ ಸೇರಿಸಿದ ಸಂಯುಕ್ತ ಮಾತ್ರೆಯಾದರೆ ಅರ್ಧ ಮಾಡುವುದು ಹೇಗೆ? ಅರ್ಧ ಮುರಿದರೆ ಟೆನೊಫೊವಿರ್ ಕೂಡ ಅರ್ಧವಾಗುತ್ತದೆ. ಎಫಾವಿರೆಂಜ್ ಬಿಟ್ಟು ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧಕ್ಕೆ ಬದಲಿಸುವುದೇ ಸಲೀಸು.

ಇನ್ನೊಂದು ಅಜೋಲ್ ಆದ ಇಟ್ರಾಕೊನಜೋಲ್ ಎಫಾವಿರೆಂಜ್ ಜೊತೆ ಇಳಿಯುತ್ತದೆ, ರಿಟೊನಾವಿರ್ ಜೊತೆ ಏರುತ್ತದೆ (ದಿನಕ್ಕೆ 200 ಮಿ.ಗ್ರಾಂ ಮೀರಬೇಡಿ). ಕ್ಯಾಪ್ಸೂಲನ್ನು ಊಟದ ಜೊತೆಗೇ ಕೊಡಿ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದಿದ್ದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರಂತೂ ಇಟ್ರಾಕೊನಜೋಲ್ ವ್ಯರ್ಥ.

ಮತ್ತೊಂದು ಅಜೋಲ್ ಫ್ಲುಕೊನಜೋಲ್ ಬಹುಪಾಲು ಮೂತ್ರದಲ್ಲೇ ಹೋಗುವುದರಿಂದ ಎಫಾವಿರೆಂಜ್ ಅದನ್ನು ಅಲುಗಿಸದು. ಆದರೆ ಫ್ಲುಕೊನಜೋಲ್ ನೆವಿರಪಿನ್ ಅನ್ನು ಸುಮಾರು ದುಪ್ಪಟ್ಟು ಮಾಡುತ್ತದೆ (ಯಕೃತ್ತಿನ ಪರೀಕ್ಷೆ ಎಎಲ್‌ಟಿ ನೋಡಿ), ಎಚ್‌ಐವಿ ಔಷಧ ಜಿಡೊವುಡಿನ್ ಅನ್ನೂ ಏರಿಸುತ್ತದೆ (ಹಿಮೋಗ್ಲೋಬಿನ್ ನೋಡಿ).

ಡೊಲುಟೆಗ್ರಾವಿರ್ ಹೆಚ್ಚಾಗಿ ಯುಜಿಟಿ1ಎ1 ಎಂಬ ಬೇರೆ ಕಿಣ್ವದ ಮೂಲಕ ಒಡೆಯುವುದರಿಂದ ಟಿಎಲ್‌ಡಿ (ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್) ರೋಗಿಗಳಲ್ಲಿ ಅಜೋಲ್‌ಗಳಿಗಾಗಿ ಡೋಸ್ ಬದಲಿಸಬೇಕಿಲ್ಲ. ಅಲ್ಲಿ ತೊಂದರೆ ಕೊಡುವುದು ಅಜೋಲ್ ಅಲ್ಲದ ಫಂಗಸ್ ಔಷಧ ಆಂಫೊಟೆರಿಸಿನ್ ಬಿ: ಅದೂ ಟೆನೊಫೊವಿರ್ ಕೂಡ ಮೂತ್ರಪಿಂಡಕ್ಕೇ ಪೆಟ್ಟು. ಆಂಫೊಟೆರಿಸಿನ್‌ಗೆ ಮೊದಲು 20 ಮಿಲಿಮೋಲ್ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದ 1 ಲೀಟರ್ ನಾರ್ಮಲ್ ಸಲೈನ್ 2–4 ಗಂಟೆಯಲ್ಲಿ ಕೊಡಿ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತಿರಿ. ಡೊಲುಟೆಗ್ರಾವಿರ್ ಒಂದೇ ಕ್ರಿಯಾಟಿನಿನ್ ಅನ್ನು 0.1–0.2 ಮಿ.ಗ್ರಾಂ/ಡೆ.ಲೀ.ನಷ್ಟು ಏರಿಸಬಲ್ಲದು, ಮೂತ್ರಪಿಂಡ ಕೆಡದೆಯೇ. ಏರಿಕೆಯನ್ನು ಆಂಫೊಟೆರಿಸಿನ್ ಶುರುವಾಗುವ ಮುಂಚಿನ ಅಂಕಿಗೆ ಹೋಲಿಸಿ, ಟಿಎಲ್‌ಡಿಗೂ ಹಿಂದಿನದಕ್ಕಲ್ಲ.