ದಡಾರ: ಶೇ 95ರ ಲೆಕ್ಕ ಎಲ್ಲಿಂದ ಬಂತು, ಎಲ್ಲಿ ತಪ್ಪುತ್ತದೆ

1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಿಗೆ ದಡಾರ ಕಾಲಿಟ್ಟಾಗ ಅಲ್ಲಿದ್ದವರು ಸುಮಾರು 7,800 ಜನ. ಕೆಲವೇ ತಿಂಗಳಲ್ಲಿ ಸುಮಾರು 6,000 ಮಂದಿ ಹಾಸಿಗೆ ಹಿಡಿದರು. ಅಲ್ಲಿಗೆ ಹೋದ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನಮ್ ಒಂದು ಸಂಗತಿ ಗಮನಿಸಿದ: 1781ರಲ್ಲಿ ದಡಾರ ಬಂದು ಗುಣವಾಗಿದ್ದ ಮುದುಕರಿಗೆ ಈ ಸಲ ಅದು ತಗಲಲೇ ಇಲ್ಲ. ಒಮ್ಮೆ ಬಂದರೆ ಜೀವಮಾನದ ರಕ್ಷಣೆ. ಲಸಿಕೆ ನಿಂತಿರುವುದು ಇದರ ಮೇಲೆಯೇ.

ಲಸಿಕೆಗೆ ಅನುಮತಿ ಸಿಕ್ಕಿದ್ದು 1963ರಲ್ಲಿ, ಅಮೆರಿಕದಲ್ಲಿ. ಒಂದೇ ಡೋಸ್ ಸಾಕು ಎಂಬ ನಂಬಿಕೆ ಕಾಲು ಶತಮಾನ ನಡೆಯಿತು. 1989ರಿಂದ 91ರವರೆಗೆ ಅಲ್ಲೇ 55,000ಕ್ಕೂ ಹೆಚ್ಚು ಪ್ರಕರಣಗಳು ಬಂದವು. ಹೆಚ್ಚಿನವರು ಲಸಿಕೆಯನ್ನೇ ಕಾಣದ ಎಳೆಯ ಮಕ್ಕಳು. ಆದರೆ ಒಂದು ಡೋಸ್ ಆಗಿದ್ದ ಶಾಲಾ ಮಕ್ಕಳಿಗೂ ತಗಲಿತ್ತು. 1989ರಲ್ಲೇ ಎರಡನೇ ಡೋಸ್ ಶಿಫಾರಸಾಯಿತು. ಇದನ್ನು ಬೂಸ್ಟರ್ ಎನ್ನುವುದು ತಪ್ಪು. ಮೊದಲ ಡೋಸ್ ಹತ್ತದೆ, ಅಂದರೆ ರಕ್ಷಣೆ ಕೊಡದೆ ಹೋದ ಮಕ್ಕಳನ್ನು ಹಿಡಿಯಲು ಅದು ಇನ್ನೊಂದು ಅವಕಾಶ. 9ನೇ ತಿಂಗಳಲ್ಲಿ ಹಾಕಿದರೆ ಸುಮಾರು ಶೇ 85 ಮಕ್ಕಳಿಗೆ ಹತ್ತುತ್ತದೆ. ತಾಯಿಯಿಂದ ಬಂದ, ರೋಗಾಣುವನ್ನು ತಡೆಯುವ ಪ್ರತಿಕಾಯಗಳು ಉಳಿದವರಲ್ಲಿ ಅಡ್ಡ ಬರುವುದುಂಟು. ಎರಡೂ ಡೋಸ್ ಆದರೆ ಶೇ 97.

ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬ ರೋಗಿ 12ರಿಂದ 18 ಜನರಿಗೆ ಹರಡುತ್ತಾನೆ. ಸರಪಳಿ ತುಂಡಾಗಲು ಶೇ 92ರಿಂದ 94 ಮಂದಿಗೆ ರಕ್ಷಣೆ ಇರಬೇಕು. ಶೇ 95 ಮಕ್ಕಳಿಗೆ ಎರಡೂ ಡೋಸ್ ಆಗಬೇಕೆಂಬ ಗುರಿ ಬಂದದ್ದು ಇಲ್ಲಿಂದ. ಎರಡು ಡೋಸ್ ಪಡೆದವರು ಶೇ 95 ಇದ್ದರೂ ನಿಜವಾದ ರಕ್ಷಣೆ ಸುಮಾರು 92, ಅಂದರೆ ಅಂಚಿನಲ್ಲೇ.

ಸರಾಸರಿಯೂ ಮೋಸ ಮಾಡುತ್ತದೆ. ಸಮಾನ ಗಾತ್ರದ ಐದು ಶಾಲೆಗಳಲ್ಲಿ ಲಸಿಕೆ ಪಡೆದವರು ನಾಲ್ಕರಲ್ಲಿ ಶೇ 99, ಒಂದರಲ್ಲಿ 79 ಇದ್ದರೆ ಸರಾಸರಿ ಸರಿಯಾಗಿ 95. ವರದಿಯಲ್ಲಿ ಎಲ್ಲ ಚೆನ್ನ. ಬೆಂಕಿ ಹತ್ತುವುದು ಐದನೇ ಶಾಲೆಯಲ್ಲಿ.

ಬಾಕಿ ಉಳಿದ ಮಕ್ಕಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತಾರೆ. ವರ್ಷಕ್ಕೆ 100 ಮಕ್ಕಳು ಹುಟ್ಟುವಲ್ಲಿ 80 ಮಂದಿಗೆ 9ನೇ ತಿಂಗಳ ಡೋಸ್ ಮಾತ್ರ ಸಿಕ್ಕರೆ ರಕ್ಷಣೆ 68 ಮಕ್ಕಳಿಗೆ. ಉಳಿದ 32 ಮೂರು ವರ್ಷದಲ್ಲಿ 96 ಆಗುತ್ತದೆ, ಹೆಚ್ಚುಕಡಿಮೆ ಒಂದು ಇಡೀ ವರ್ಷದ ಮಕ್ಕಳಷ್ಟು. ರೋಗ ಕಾಣದೆ ಕಳೆದ ಆ ಮೂರು ವರ್ಷಗಳನ್ನು ಯಶಸ್ಸು ಅಂದುಕೊಳ್ಳುವುದೇ ಅಪಾಯ.

ಲಸಿಕೆ ತಪ್ಪಲು ಅಪನಂಬಿಕೆಯೊಂದೇ ಕಾರಣವಲ್ಲ. ಆ ಅಪನಂಬಿಕೆ ಬೆಳೆಸಿದ, ಲಸಿಕೆಗೆ ಆಟಿಸಂ ಜೊತೆ ನಂಟು ಕಟ್ಟಿದ 1998ರ ಪ್ರಬಂಧದಲ್ಲಿ ಇದ್ದದ್ದೇ 12 ಮಕ್ಕಳು. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಸದ್ದಿಲ್ಲದ ಕಾರಣಗಳು ಬೇರೆ ಇವೆ. ಪುಡಿ ಲಸಿಕೆಗೆ ದ್ರಾವಣ ಬೆರೆಸಿದ ಮೇಲೆ 2ರಿಂದ 8 ಡಿಗ್ರಿಯಲ್ಲಿಟ್ಟು 6 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಒಂದೇ ಮಗು ಬಂದರೆ 10 ಡೋಸಿನ ಬಾಟಲಿ ಒಡೆಯಲು ಕೈ ಹಿಂಜರಿಯುತ್ತದೆ, ‘ಮುಂದಿನ ವಾರ ಬನ್ನಿ’ ಎಂದು ಕಳಿಸುತ್ತಾರೆ. ಹಾಗೆ ಹೋದ ಮಗು ಎಷ್ಟೋ ಸಲ ಮರಳಿ ಬರುವುದಿಲ್ಲ. ಒಂದೇ ಮಗುವಿದ್ದರೂ ಬಾಟಲಿ ಒಡೆಯಿರಿ ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಒಂದು ಪ್ರಕರಣ ಕಂಡರೆ ಸಮಯ ಕಡಿಮೆ. ದದ್ದು ಏಳುವ 4 ದಿನ ಮೊದಲೇ ರೋಗಿ ಸೋಂಕು ಹರಡಲು ಶುರುಮಾಡಿರುತ್ತಾನೆ. ಆತ ಎದ್ದುಹೋದ ಕೋಣೆಯ ಗಾಳಿಯಲ್ಲೂ ವೈರಸ್ 2 ಗಂಟೆಯವರೆಗೆ ಉಳಿಯಬಲ್ಲದು. ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗ ತಡೆಯುವ ಸಾಧ್ಯತೆ ಇದೆ. ಹಾಗಾಗಿ ಯಾವ ಮಗುವಿಗೆ ಎಷ್ಟು ಡೋಸ್ ಆಗಿದೆ ಎಂಬ ಪಟ್ಟಿ ಮೊದಲೇ ಶಾಲೆಯ ಕೈಯಲ್ಲಿರಬೇಕು. ಕಾರ್ಡ್ ಹುಡುಕುವುದರಲ್ಲೇ ಆ ಮೂರು ದಿನ ಮುಗಿದುಹೋಗುತ್ತದೆ.