ಡಯಾನಾ ವಿನ್ ಜೋನ್ಸ್: ಪ್ರಭಾವ ಅಂದರೆ ಏನನ್ನು ಬರೆಯಬೇಕು?

ಡಯಾನಾ ವಿನ್ ಜೋನ್ಸ್ ಮಕ್ಕಳಿಗಾಗಿ ಮಾಂತ್ರಿಕ ಲೋಕಗಳ ಕಥೆ ಬರೆದ ಬ್ರಿಟಿಷ್ ಲೇಖಕಿ. ಇವರ ಮೇಲಿನ ಪ್ರಭಾವ ಅಂತ ಪರೀಕ್ಷೆಯಲ್ಲಿ ಕೇಳಿದರೆ ಏನು ಬರೆಯಬೇಕು ಅನ್ನುವುದನ್ನು, ಕಾಸರಗೋಡಿನಲ್ಲಿ ಕನ್ನಡ ಮೀಡಿಯಂ ಓದಿ ಈಗ ಇಂಗ್ಲಿಷ್ ಸಾಹಿತ್ಯ ಓದುತ್ತಿರುವವರಿಗೆ ಅಂತಲೇ ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ವಿವರಣೆ ಅರ್ಧ ಇಂಗ್ಲಿಷ್, ಅರ್ಧ ಮಲಯಾಳ. ನಮ್ಮ ಭಾಷೆಯಲ್ಲಿ ಒಮ್ಮೆ ಬರೆದುಕೊಂಡರೆ ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ.

ಜೀವನಚರಿತ್ರೆಯನ್ನು ಬೇಗ ಮುಗಿಸೋಣ. ಹುಟ್ಟಿದ್ದು 1934ರಲ್ಲಿ, ಲಂಡನ್ನಿನಲ್ಲಿ. ಮೂವರು ಅಕ್ಕತಂಗಿಯರಲ್ಲಿ ಇವರೇ ದೊಡ್ಡವರು. ಮನೆಯಲ್ಲಿ ಕಥೆಪುಸ್ತಕಕ್ಕೆ ಬರ. ಅಪ್ಪ, ಮಕ್ಕಳ ಕಥೆಗಾರ ಆರ್ಥರ್ ರಾನ್ಸಮ್ ಬರೆದ ಪುಸ್ತಕಗಳ ಒಂದು ಸೆಟ್ ತಂದು, ಬೀರುವಿನಲ್ಲಿಟ್ಟು ಬೀಗ ಹಾಕಿ, ವರ್ಷಕ್ಕೆ ಒಂದರಂತೆ ಹೊರಗೆ ತೆಗೆಯುತ್ತಿದ್ದರು, ಅದೂ ಮೂವರಿಗೂ ಸೇರಿ ಒಂದೇ ಪುಸ್ತಕ! ಓದಲು ಏನೂ ಸಿಗದೆ ಇವರೇ ತಂಗಿಯರಿಗೆ ಕಥೆ ಬರೆದು ಓದಿ ಹೇಳತೊಡಗಿದರು. 1953ರಿಂದ 56ರವರೆಗೆ ಆಕ್ಸ್‌ಫರ್ಡ್. ಆಮೇಲೆ ಮದುವೆ, ಮೂರು ಗಂಡುಮಕ್ಕಳು. ಮಕ್ಕಳಿಗಾಗಿ ಬರೆದ ಪುಸ್ತಕಗಳು ಬರತೊಡಗಿದ್ದು 1973ರಿಂದ. 1977ರ ‘ಚಾರ್ಮ್ಡ್ ಲೈಫ್’ಗೆ ಮಕ್ಕಳ ಪುಸ್ತಕಕ್ಕೆ ಕೊಡುವ ಗಾರ್ಡಿಯನ್ ಪ್ರಶಸ್ತಿ ಬಂತು. 1986ರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ ಅನ್ನು ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಜಾಕಿ 2004ರಲ್ಲಿ ಸಿನಿಮಾ ಮಾಡಿದರು. ಡಯಾನಾ ತೀರಿಕೊಂಡದ್ದು 2011ರಲ್ಲಿ.

ಈಗ ನಾನು ಜಾಸ್ತಿ ಒದ್ದಾಡಿದ ಭಾಗ. ಆಕ್ಸ್‌ಫರ್ಡಿನಲ್ಲಿ ಇವರು ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಮತ್ತು ನಾರ್ನಿಯಾ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ ಇಬ್ಬರ ಉಪನ್ಯಾಸವನ್ನೂ ಕೇಳಿದ್ದಾರೆ. ಗೈಡುಗಳು ಇಷ್ಟನ್ನೇ ಹೇಳಿ ಬಿಡುತ್ತವೆ. ಆದರೆ ಕೇಳಿದ್ದರಿಂದ ಏನಾಯಿತು? ಇವರ ಹೆಚ್ಚಿನ ಕಥೆಗಳಲ್ಲಿ ಟೋಲ್ಕಿನ್ ಥರದ ಎಲ್ಫ್ ಎಂಬ ಮಾಂತ್ರಿಕ ಜನರಿಲ್ಲ, ಮಹಾಯುದ್ಧಗಳಿಲ್ಲ. ಹಾಗಾದರೆ ಪ್ರಭಾವ ಎಲ್ಲಿದೆ?

ಉತ್ತರ ಆ ಉಪನ್ಯಾಸದಲ್ಲೇ ಇದೆ. ಲೂಯಿಸ್ ಮಾತಾಡಿದರೆ ಹಾಲ್ ತುಂಬುತ್ತಿತ್ತು. ಟೋಲ್ಕಿನ್ ಮಾತ್ರ ಬೋರ್ಡಿನ ಕಡೆ ಮುಖ ಮಾಡಿ ಗೊಣಗುತ್ತಿದ್ದರಂತೆ. ಆದರೂ ಡಯಾನಾ ಬಿಡದೆ ಹೋದರು, ಯಾಕಂದರೆ ಟೋಲ್ಕಿನ್ ಹೇಳುತ್ತಿದ್ದದ್ದು ಕಥೆ ಹೇಗೆ ಬೆಳೆಯುತ್ತದೆ ಅನ್ನುವುದನ್ನು. ಒಬ್ಬ ಪ್ರಯಾಣ ಹೊರಟಿದ್ದಾನೆ, ಅದು ಬರೀ ಅಲೆದಾಟದ ಕಥೆ. ಅವನಿಗೊಂದು ಗುರಿ ಕೊಡಿ, ಅದೇ ಕಥೆ ಹುಡುಕಾಟದ ಕಥೆ ಆಗುತ್ತದೆ. ಇನ್ನೊಂದು ಚೂರು ತಿರುಗಿಸಿದರೆ ಮತ್ತೊಂದು ಜಾತಿಯ ಕಥೆ. ಅಂದರೆ ಇವರು ಟೋಲ್ಕಿನ್‌ರಿಂದ ಪಡೆದದ್ದು ಪಾತ್ರಗಳನ್ನಲ್ಲ, ಕಥೆಯ ಅಸ್ಥಿಪಂಜರವನ್ನು ನೋಡುವ ಕಣ್ಣನ್ನು. ಉತ್ತರಪತ್ರಿಕೆಯಲ್ಲಿ ಈ ಸಾಲು ಇರಲೇಬೇಕು.

ಇದು ಕೆಲಸ ಮಾಡುವುದನ್ನು ನೋಡಬೇಕಾದರೆ 1985ರ ‘ಫೈರ್ ಆ್ಯಂಡ್ ಹೆಮ್ಲಾಕ್’ ಹಿಡಿಯಿರಿ. ಇದರ ಹಿಂದೆ ‘ಟ್ಯಾಮ್ ಲಿನ್’ ಎಂಬ ಹಳೇ ಸ್ಕಾಟಿಷ್ ಲಾವಣಿ ಇದೆ. ನಮಗೆ ತಾಳಮದ್ದಳೆ ಗೊತ್ತಲ್ವಾ? ಪದ ಅದೇ ಇರುತ್ತದೆ, ಅರ್ಥಧಾರಿ ಅದರೊಳಗಿಂದಲೇ ಹೊಸ ವಾದ ಎಬ್ಬಿಸುತ್ತಾನೆ. ಇಲ್ಲಿಯೂ ಹಾಗೆಯೇ. ಲಾವಣಿಯಲ್ಲಿ ಪರಿಗಳ ರಾಣಿಯ ಕೈಯಲ್ಲಿ ಸಿಕ್ಕಿಬಿದ್ದ ಪ್ರಿಯನನ್ನು ಜಾನೆಟ್ ಎಂಬ ಹುಡುಗಿ ಬಿಡಿಸುತ್ತಾಳೆ. ಅವನು ಹಾವಾಗುತ್ತಾನೆ, ಮೃಗವಾಗುತ್ತಾನೆ, ಉರಿಯುವ ಕೆಂಡವಾಗುತ್ತಾನೆ, ಏನೇ ಆದರೂ ಅವಳು ಹಿಡಿತ ಸಡಿಲಿಸುವುದಿಲ್ಲ, ಅದಕ್ಕೇ ಗೆಲ್ಲುತ್ತಾಳೆ. ಕಾದಂಬರಿಯಲ್ಲಿ ಅದೇ ಜಾಗದಲ್ಲಿ ಇಪ್ಪತ್ತನೇ ಶತಮಾನದ ಪಾಲಿ ಇದ್ದಾಳೆ, ಬಿಡಿಸಬೇಕಾದವನು ಚೆಲ್ಲೋ ಎಂಬ ತಂತಿವಾದ್ಯ ನುಡಿಸುವ ಟಾಮ್ ಲಿನ್. ಆದರೆ ಪಾಲಿ ಗೆಲ್ಲುವುದು ಅವನನ್ನು ಬಿಟ್ಟುಕೊಟ್ಟು! ಕಟ್ಟು ಅದೇ, ಕೀಲನ್ನು ಮಾತ್ರ ತಿರುಗಿಸಿದ್ದಾರೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ, ಅಷ್ಟು ಇಷ್ಟವಾಯಿತು.

‘ಹೌಲ್ಸ್...’ನಲ್ಲೂ ಇದೇ ಕೈಚಳಕ. ಜಾನಪದ ಕಥೆಗಳಲ್ಲಿ ಮೂವರಲ್ಲಿ ಕೊನೆಯವರೇ ಗೆಲ್ಲುತ್ತಾರೆ. ಸೋಫಿ ಮೂವರಲ್ಲಿ ದೊಡ್ಡವಳು, ತನ್ನಿಂದ ಏನೂ ಆಗುವುದಿಲ್ಲ ಅಂತ ನಂಬಿಕೊಂಡೇ ಟೋಪಿ ಹೊಲಿಯುತ್ತಾ ಕೂತಿರುತ್ತಾಳೆ. ಬರೆದವರೂ ಮನೆಗೆ ದೊಡ್ಡ ಮಗಳು ಅನ್ನುವುದನ್ನು ಇಲ್ಲಿ ಸೇರಿಸಬಹುದು. ಮಾಂತ್ರಿಕ ಹೌಲ್‌ನ ಕೋಟೆಯ ಒಂದೇ ಬಾಗಿಲು ನಾಲ್ಕು ಕಡೆ ತೆರೆಯುತ್ತದೆ. ಬಾಗಿಲ ಮೇಲಿನ ನಾಲ್ಕು ಬಣ್ಣದ ತಿರುಗುಗುಂಡಿಯ ಕಪ್ಪು ಬಣ್ಣ ಕೆಳಗೆ ಬಂದರೆ ಸೀದಾ ನಮ್ಮ ಲೋಕದ ವೇಲ್ಸ್. ಡಯಾನಾರ ಅಪ್ಪನ ಕಡೆಯವರು ವೇಲ್ಸಿನವರು, ಎರಡನೇ ಮಹಾಯುದ್ಧ ಶುರುವಾದಾಗ ಇವರನ್ನು ಮೊದಲು ಕಳಿಸಿದ್ದೂ ಅಲ್ಲಿಗೇ.

ಕೊನೆಗೆ, ಕ್ರೆಸ್ಟೊಮ್ಯಾನ್ಸಿ ಎಂಬ ಮಾಂತ್ರಿಕನ ಕಥೆಗಳ ಸರಣಿ. ‘ಚಾರ್ಮ್ಡ್ ಲೈಫ್’ ಕೂಡ ಇದರಲ್ಲೇ ಬರುತ್ತದೆ. 1988ರ ‘ದಿ ಲೈವ್ಸ್ ಆಫ್ ಕ್ರಿಸ್ಟೋಫರ್ ಚಾಂಟ್’ನಲ್ಲಿ ನಡೆಯುವುದು ‘ಚಾರ್ಮ್ಡ್ ಲೈಫ್’ಗಿಂತ ಹಿಂದಿನ ಕಾಲದ ಕಥೆ. ಆದರೂ 1977ರದ್ದನ್ನೇ ಮೊದಲು ಓದಿ. ಆ ಗತ್ತಿನ ಮಾಂತ್ರಿಕನನ್ನು ಮೊದಲು ನೋಡಿದ್ದರೇ ಅವನು ಹುಡುಗನಾಗಿದ್ದಾಗಿನ ಈ ಕಥೆಗೆ ರುಚಿ.