ಘಟ್ಟ ಇಳಿದರೆ ಕಳೆಯುವ ಗಜಗಳು: ಗಾಲ್ಫ್ ಚೆಂಡಿನ ಜಗಳ, ಬೆಳಗಾವಿಯಿಂದ ನೋಡಿದಾಗ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾದ ಕಡಲಂಚು ಮುಟ್ಟುವ ಗಾಲ್ಫ್ ಆಟಗಾರನ ಬ್ಯಾಗಿನಲ್ಲಿ ಏನೂ ಬದಲಾಗಿರುವುದಿಲ್ಲ. ಅದೇ ಡ್ರೈವರ್ (ಅತಿ ದೂರ ಹೊಡೆಯುವ ಕೋಲು), ಅದೇ ಚೆಂಡು, ಅದೇ ತೋಳು. ಆದರೂ ಹೊಡೆತ ಐದಾರು ಗಜ ಮೊದಲೇ ಬೀಳುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ತೆಳು. ಈ ಐದಾರು ಗಜವನ್ನು ನೆನಪಿನಲ್ಲಿಟ್ಟುಕೊಳ್ಳಿ. ಹವ್ಯಾಸಿ ಗಾಲ್ಫ್ ಪ್ರಿಯರು ಕೆಲವು ವರ್ಷಗಳಿಂದ ಬಿಸಿಬಿಸಿಯಾಗಿ ವಾದಿಸುತ್ತಿರುವ ಚೆಂಡಿನ ಹೊಸ ನಿಯಮದ ತೂಕ ಎಷ್ಟೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಗಾಲ್ಫಿನ ನಿಯಮ ಬರೆಯುವ ಸಂಸ್ಥೆಗಳು ಎರಡು: ಬ್ರಿಟನ್ನಿನ ಆರ್ ಅಂಡ್ ಎ, ಅಮೆರಿಕದ ಯುಎಸ್‌ಜಿಎ. 2023ರ ಡಿಸೆಂಬರ್‌ನಲ್ಲಿ ಎರಡೂ ಸೇರಿ ಚೆಂಡಿನ ಓಟಕ್ಕೆ, ಅಂದರೆ ಅದು ಹೋಗುವ ದೂರಕ್ಕೆ, ಕಡಿವಾಣ ಹಾಕುವ ನಿರ್ಧಾರ ಪ್ರಕಟಿಸಿದವು. ಆಗ ಹೇಳಿದ ವೇಳಾಪಟ್ಟಿಯ ಪ್ರಕಾರ ವೃತ್ತಿಪರರಿಗೆ 2028ರಿಂದ, ಹವ್ಯಾಸಿಗಳಿಗೆ 2030ರಿಂದ. ಆಟಗಾರರ ಬಾಯಲ್ಲಿ ಇದರ ಹೆಸರು ರೋಲ್‌ಬ್ಯಾಕ್. ಹೆಸರಾಂತ ಆಟಗಾರರಲ್ಲಿ ಜ್ಯಾಕ್ ನಿಕ್ಲಸ್, ಟೈಗರ್ ವುಡ್ಸ್, ರೋರಿ ಮೆಕಿಲ್ರಾಯ್ ಇದರ ಪರ. ಜಸ್ಟಿನ್ ಥಾಮಸ್ ಮೊದಲಿನಿಂದಲೂ ವಿರೋಧಿ, ಟೈಟ್ಲಿಸ್ಟ್ ಚೆಂಡು ತಯಾರಿಸುವ ಕಂಪನಿಯೂ ಬಹಿರಂಗವಾಗಿ ವಿರೋಧಿಸಿತು. ಭಾನುವಾರ ರಾತ್ರಿ ನಿದ್ದೆಗೆಟ್ಟು ಸೋಮವಾರ ನಸುಕಿನವರೆಗೆ ಅಮೆರಿಕದ ಮಾಸ್ಟರ್ಸ್ ಪಂದ್ಯಾವಳಿ ನೋಡುವ ನಮ್ಮ ಕಡೆಯ ಅಭಿಮಾನಿಗಳಲ್ಲೂ ಎರಡು ಪಂಗಡಗಳಿವೆ. "ವಾರಕ್ಕೊಮ್ಮೆ ಆಡುವ ನನ್ನ ಗಜ ಯಾಕೆ ಕಸಿಯುತ್ತಾರೆ?" ಎನ್ನುವವರೇ ಹೆಚ್ಚು.

ಕಸಿಯುವುದು ಎಷ್ಟು? ಪರೀಕ್ಷೆ ನಡೆಯುವ ರೀತಿ ತಿಳಿದರೆ ಉತ್ತರ ಸಿಗುತ್ತದೆ. ಯಂತ್ರದ ತೋಳೊಂದು ಟೈಟೇನಿಯಂ ಡ್ರೈವರಿನಿಂದ ಚೆಂಡನ್ನು ಹೊಡೆಯುತ್ತದೆ. ಇಲ್ಲಿಯವರೆಗೆ ಆ ಡ್ರೈವರಿನ ತಲೆಯ ವೇಗ ಗಂಟೆಗೆ 120 ಮೈಲಿ, ಅಂದರೆ ಸುಮಾರು 193 ಕಿಲೋಮೀಟರ್. ಚೆಂಡು 10 ಡಿಗ್ರಿ ಕೋನದಲ್ಲಿ, ನಿಮಿಷಕ್ಕೆ 2520 ಸುತ್ತು ಹಿಮ್ಮುಖವಾಗಿ ತಿರುಗುತ್ತ ಹೊರಡುತ್ತಿತ್ತು. ಓಟದ ಮಿತಿ 317 ಗಜ, ಜೊತೆಗೆ 3 ಗಜ ವಿನಾಯಿತಿ. ಹೊಸ ಪರೀಕ್ಷೆಯಲ್ಲಿ ವೇಗ 125 ಮೈಲಿ, ಕೋನ 11 ಡಿಗ್ರಿ, ಸ್ಪಿನ್ 2200 ಸುತ್ತು. ಮಿತಿ ಮಾತ್ರ ಅದೇ 317. ಗಟ್ಟಿಯಾಗಿ ಹೊಡೆದರೂ ಹಳೆಯ ಗೆರೆ ದಾಟಬಾರದು ಎಂದರೆ ಚೆಂಡೇ ಸ್ವಲ್ಪ ಮಂದವಾಗಬೇಕು, ಅಷ್ಟೇ ಇದರ ಒಳಗುಟ್ಟು. ನಿಯಮ ಮಾಡಿದವರ ಅಂದಾಜಿನಂತೆ ಅತಿ ದೂರ ಹೊಡೆಯುವ ವೃತ್ತಿಪರರು 13ರಿಂದ 15 ಗಜ, ಸರಾಸರಿ ವೃತ್ತಿಪರರು 9ರಿಂದ 11, ಮಹಿಳಾ ವೃತ್ತಿಪರರು 5ರಿಂದ 7 ಗಜ ಕಳೆದುಕೊಳ್ಳುತ್ತಾರೆ. ಹವ್ಯಾಸಿಗೆ ಹೋಗುವುದು 5 ಗಜ ಅಥವಾ ಅದಕ್ಕಿಂತ ಕಡಿಮೆ.

ಬಲವಾಗಿ ಹೊಡೆಯುವವನಿಗೆ ಹೆಚ್ಚು ದಂಡ, ಮೆಲ್ಲಗೆ ಹೊಡೆಯುವವನಿಗೆ ಕಡಿಮೆ, ಇದು ಹೇಗೆ? ಇದಕ್ಕೆ ಚೆಂಡಿನ ಮೈಮೇಲಿನ ಗುಳಿಗಳತ್ತ, ಅಂದರೆ ಡಿಂಪಲ್‌ಗಳತ್ತ ಬರಬೇಕು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಾಲ್ಫ್ ಚೆಂಡನ್ನು ಗಟಾಪರ್ಚಾ ಎಂಬ ಮರದ ಅಂಟಿನಿಂದ ಮಾಡುತ್ತಿದ್ದರು. ಹೊಸತಾಗಿ ನುಣ್ಣಗಿದ್ದ ಚೆಂಡು ಬೇಗ ಧೊಪ್ಪನೆ ಬೀಳುತ್ತಿತ್ತು. ಏಟು ತಿಂದು ಗಾಯಗೊಂಡ ಹಳೆಯ ಚೆಂಡು ದೂರ ಹೋಗುತ್ತಿತ್ತು. ಆಟಗಾರರು ಇದನ್ನು ಗಮನಿಸಿ ಹೊಸ ಚೆಂಡಿಗೂ ಸುತ್ತಿಗೆಯಿಂದ ಗಾಯ ಮಾಡತೊಡಗಿದರು. ಇಂಗ್ಲೆಂಡಿನ ವಿಲಿಯಂ ಟೇಲರ್ ಗುಳಿ ಬಿದ್ದ ಚೆಂಡಿಗೆ ಪೇಟೆಂಟ್ ಕೇಳಿದ್ದು 1905ರಲ್ಲಿ. ಕಾರಣವನ್ನು ನಮ್ಮ ಕ್ರಿಕೆಟ್ ಹುಡುಗರು ಅರ್ಧ ಬಲ್ಲರು. ಚೆಂಡಿನ ಒಂದು ಮಗ್ಗುಲು ಉಜ್ಜಿ ನುಣುಪು ಮಾಡಿ, ಇನ್ನೊಂದನ್ನು ಒರಟಾಗಿ ಬಿಟ್ಟರೆ ಸ್ವಿಂಗ್ ಆಗುತ್ತದೆ. ಒರಟು ಮೈಯ ಪಕ್ಕದ ಗಾಳಿ ತೆಳ್ಳನೆಯ ಪದರದಲ್ಲಿ ಕಲಕಿಹೋಗುತ್ತದೆ. ಕಲಕಿದ ಗಾಳಿಗೆ ಕಸುವು ಹೆಚ್ಚು, ಅದು ಚೆಂಡಿನ ಬೆನ್ನಿನವರೆಗೆ ಅಂಟಿಕೊಂಡು ಹೋಗುತ್ತದೆ. ನುಣುಪಾದ ಕಡೆ ಗಾಳಿ ಬೇಗ ಮೈಬಿಟ್ಟು, ಹಿಂದೆ ದೊಡ್ಡ ಸುಳಿಯ ಬಾಲ ಉಳಿಸುತ್ತದೆ. ಆ ಬಾಲವೇ ಚೆಂಡನ್ನು ಹಿಂದಕ್ಕೆ ಜಗ್ಗುವುದು. ಗಾಲ್ಫ್ ಚೆಂಡಿನ ಇಡೀ ಮೈ ಒರಟು. ಹೀಗಾಗಿ ಬಾಲ ಕಿರಿದಾಗಿ, ಗಾಳಿಯ ಪ್ರತಿರೋಧ ನುಣುಪು ಚೆಂಡಿನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಂದಿನ ಚೆಂಡುಗಳಲ್ಲಿ 300ರಿಂದ 400ರ ಆಸುಪಾಸು ಗುಳಿಗಳಿರುತ್ತವೆ, ಒಂದೊಂದರ ಆಳ ಮಿಲಿಮೀಟರಿನ ಕಾಲು ಭಾಗದಷ್ಟು. ಇಷ್ಟು ಸಣ್ಣ ಗುಳಿಯಲ್ಲಿ ಕೆಸರು ತುಂಬಿದರೆ ಹಾರಾಟ ಕೆಡುತ್ತದೆ. ಮಳೆಗಾಲದ ಬೆಳಗಾವಿಯಲ್ಲಿ ಟೀ ಎಂಬ ಪುಟ್ಟ ಗೂಟದ ಮೇಲೆ ಇಡುವ ಮುನ್ನ ಚೆಂಡು ಒರೆಸುವುದು ಬರಿಯ ಶಿಸ್ತಿನ ಮಾತಲ್ಲ.

ಎರಡನೆಯ ಬಲ ಸ್ಪಿನ್ನಿನದು. ಹಿಮ್ಮುಖವಾಗಿ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ದೂಡುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ. ಇದನ್ನು 1890ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದವರು ಸ್ಕಾಟ್ಲೆಂಡಿನ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ವೃತ್ತಿಪರರ ಡ್ರೈವ್ ಸುಮಾರು 30 ಮೀಟರ್ ಎತ್ತರಕ್ಕೆ ಏರುತ್ತದೆ, ವಿಜಯಪುರದ ಗೋಳಗುಮ್ಮಟದ ಅರ್ಧಕ್ಕಿಂತ ಮೇಲೆ. ಬರಿಯ 10-11 ಡಿಗ್ರಿ ಕೋನದಲ್ಲಿ ಹೊರಟ ಚೆಂಡು ಅಷ್ಟು ಎತ್ತರ ಏರಿ ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುವುದು ಸ್ಪಿನ್ನಿನಿಂದ.

ಗಾಳಿಯ ಪ್ರತಿರೋಧ ಸ್ಥೂಲವಾಗಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ತಯಾರಕರು ಗುಳಿಗಳ ಆಕಾರ ಬದಲಿಸಿ ಪ್ರತಿರೋಧವನ್ನು ಒಂಚೂರು ಏರಿಸಿದರೆ, ಗಂಟೆಗೆ 290 ಕಿಲೋಮೀಟರ್ ವೇಗದಲ್ಲಿ ಹೊರಡುವ ವೃತ್ತಿಪರರ ಚೆಂಡಿಗೆ ಅದರ ಏಟು ಜೋರಾಗಿ ತಾಗುತ್ತದೆ. 215 ಕಿಲೋಮೀಟರಿನಲ್ಲಿ ಹೊರಡುವ ಹವ್ಯಾಸಿಯ ಚೆಂಡಿಗೆ ಸವರಿಕೊಂಡು ಹೋಗುತ್ತದೆ. ಒಳಗಿನ ರಬ್ಬರ್ ತಿರುಳನ್ನು ಮಂದ ಮಾಡುವುದು ಇನ್ನೊಂದು ದಾರಿ.

ಈಗ ಘಟ್ಟದ ಲೆಕ್ಕ. ಗೋವಾದ ತೀರದಲ್ಲಿ 30 ಡಿಗ್ರಿ ತಾಪಮಾನದಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.16 ಕಿಲೋ ತೂಗುತ್ತದೆ, ಬೆಳಗಾವಿಯಲ್ಲಿ 25 ಡಿಗ್ರಿಯಲ್ಲಿ 1.08 ಕಿಲೋ. ಶೇಕಡಾ 6-7ರಷ್ಟು ಹಗುರ. ಓಟ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಗಾಳಿ ತೆಳುವಾದರೆ ಜಗ್ಗುವ ಬಲದ ಜೊತೆ ಎತ್ತುವ ಬಲವೂ ಕುಗ್ಗುತ್ತದೆ. ಉಳಿಯುವ ಲಾಭ ಶೇಕಡಾ 2.5ರ ಸುಮಾರು. 210 ಗಜ ಹೊಡೆಯುವವನಿಗೆ ಐದು ಗಜ ಚಿಲ್ಲರೆ. ರೋಲ್‌ಬ್ಯಾಕ್ ಕಸಿಯುವುದೂ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ! ಬೆಳಗಾವಿಯಲ್ಲಿ 2030ರ ಹೊಸ ಚೆಂಡು ಹೊಡೆಯುವವನು ಇಂದು ಕಡಲತೀರದಲ್ಲಿ ಹಳೆಯ ಚೆಂಡು ಹೊಡೆಯುವವನಷ್ಟೇ ದೂರ ಮುಟ್ಟುತ್ತಾನೆ.

ಬಿಸಿಲಿನ ಪಾಲು ಇದಕ್ಕೂ ದೊಡ್ಡದು. ವಿಜಯಪುರ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಡಿಸೆಂಬರ್ ನಸುಕಿನ 15 ಡಿಗ್ರಿಗೂ ಮೇ ತಿಂಗಳ ಮಧ್ಯಾಹ್ನದ 40 ಡಿಗ್ರಿಗೂ ನಡುವೆ ಗಾಳಿಯ ಸಾಂದ್ರತೆ ಶೇಕಡಾ 8ರಷ್ಟು ಇಳಿಯುತ್ತದೆ. ಚಳಿಯಲ್ಲಿ ಚೆಂಡಿನ ರಬ್ಬರೂ ಪುಟಿತ ಕಳೆದುಕೊಳ್ಳುವುದರಿಂದ ವ್ಯತ್ಯಾಸ ಮತ್ತಷ್ಟು ಹಿಗ್ಗುತ್ತದೆ. ತೇವಾಂಶದ ಬಗ್ಗೆ ಇರುವ ನಂಬಿಕೆ ಮಾತ್ರ ತಿರುವುಮುರುವು. ಹಸಿ ಗಾಳಿ ಭಾರ ಎಂದು ಎಲ್ಲರಿಗೂ ಅನಿಸುತ್ತದೆ. ನಿಜವೆಂದರೆ ನೀರಾವಿಯ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ, ಹಸಿ ಗಾಳಿ ಕೂದಲೆಳೆಯಷ್ಟು ತೆಳು. ಜುಲೈನಲ್ಲಿ ಓಟ ಕಡಿಮೆಯಾಗುವುದು ಒದ್ದೆ ನೆಲದಲ್ಲಿ ಚೆಂಡು ಉರುಳದೇ ಇರುವುದರಿಂದ.

ಹೀಗಿರುವಾಗ ಹವ್ಯಾಸಿ ಚಿಂತಿಸಬೇಕಾದ ದೊಡ್ಡ ನಷ್ಟ ಚೆಂಡಿನಲ್ಲಿಲ್ಲ, ಡ್ರೈವರಿನ ಮುಖದ ಯಾವ ಜಾಗಕ್ಕೆ ಚೆಂಡು ತಾಗುತ್ತದೆ ಎಂಬುದರಲ್ಲಿದೆ. ಡ್ರೈವರಿನ ತಲೆ 200 ಗ್ರಾಂ, ಚೆಂಡು ಹೆಚ್ಚೆಂದರೆ 45.93 ಗ್ರಾಂ, ಇಬ್ಬರ ಭೇಟಿ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ನಟ್ಟನಡುವೆ ತಾಗದೆ 2 ಸೆಂಟಿಮೀಟರ್ ಆಚೆ ತಾಗಿದರೆ ತಲೆ ತಿರುಚಿಕೊಂಡು, ಅದರ ತೂಕದ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ತಿರುಚಿಗೆ ಒಗ್ಗದ ಗುಣವನ್ನು ಜಡತ್ವ ಮಹತ್ವ, ಅಂಗಡಿ ಭಾಷೆಯಲ್ಲಿ ಎಂಒಐ ಎನ್ನುತ್ತಾರೆ. ಅದು 2000 ಗ್ರಾಂ-ಚದರ ಸೆಂಟಿಮೀಟರ್ ಇರುವ ಚಿಕ್ಕ ತಲೆಯಲ್ಲಿ ಈ ತಪ್ಪಿಗೆ ಚೆಂಡಿನ ವೇಗ ಶೇಕಡಾ 7ರಷ್ಟು ಇಳಿಯುತ್ತದೆ ಎಂದು ಲೆಕ್ಕ ಹೇಳುತ್ತದೆ, ಸುಮಾರು 18 ಗಜ. 5000 ಇರುವ ಇಂದಿನ ದೊಡ್ಡ ತಲೆಯಲ್ಲಿ ಶೇಕಡಾ 3, ಸುಮಾರು 8 ಗಜ. ನಿಯಮದ ಮಿತಿ 5900, ಜೊತೆಗೆ 100 ವಿನಾಯಿತಿ. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ಜಾಹೀರಾತಿನಲ್ಲಿ ಕಾಣುವ "10ಕೆ" ಎಂಬುದು ಅಡ್ಡ ತಿರುಚು, ಉದ್ದ ತಿರುಚು ಎರಡರ ಅಂಕಿಗಳನ್ನು ಕೂಡಿಸಿದ ಮೊತ್ತ. ಡ್ರೈವರಿನ ಮುಖಕ್ಕೆ ಟಾಲ್ಕಂ ಪೌಡರ್ ಬಳಿದು ಹತ್ತು ಚೆಂಡು ಹೊಡೆದು ನೋಡಿ. ಕಲೆಗಳು ಎರಡು ಸೆಂಟಿಮೀಟರ್ ಆಚೀಚೆ ಹರಡಿದ್ದರೆ ರೋಲ್‌ಬ್ಯಾಕಿನ ಎರಡು ಮೂರು ಪಟ್ಟು ಗಜಗಳು ಅಲ್ಲೇ ಸೋರುತ್ತಿವೆ.

ಡ್ರೈವರಿನ ಮುಖದ ಇನ್ನೊಂದು ಸಂಗತಿ ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪು, ಫೌಂಡ್ರಿಗಳ ಮಂದಿಗೆ ಬೇಗ ಅರ್ಥವಾಗುತ್ತದೆ. ಮುಖ ತೆಳು ಟೈಟೇನಿಯಂ ಹಾಳೆ, ಸ್ಪ್ರಿಂಗಿನಂತೆ ಬಾಗಿ ಮರಳುತ್ತದೆ. ಈ ಸ್ಪ್ರಿಂಗನ್ನು ಸಣ್ಣ ಉಕ್ಕಿನ ಲೋಲಕ ತಾಗಿಸಿ ಅಳೆಯುತ್ತಾರೆ. ಲೋಲಕ ಮುಖಕ್ಕೆ ಅಂಟಿರುವ ಹೊತ್ತು 239 ಮೈಕ್ರೋಸೆಕೆಂಡ್, ವಿನಾಯಿತಿ ಸೇರಿ 257 ದಾಟಬಾರದು. ಸಾವಿರಾರು ಏಟು ತಿಂದ ಲೋಹ ದಣಿದು, ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮೊದಲಿಗಿಂತ ಹೆಚ್ಚು ಬಳುಕುತ್ತದೆ. ನಿಯಮದೊಳಗೆ ಹುಟ್ಟಿದ ಡ್ರೈವರ್ ಬಳಕೆಯಿಂದಲೇ ನಿಯಮ ಮೀರುತ್ತದೆ. 2025ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಮೆಕಿಲ್ರಾಯ್, ಸ್ಕಾಟಿ ಶೆಫ್ಲರ್ ಇಬ್ಬರ ಡ್ರೈವರುಗಳೂ ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾದವು. ಶೆಫ್ಲರ್ ಬದಲಿ ಡ್ರೈವರಿನಿಂದಲೇ ಗೆದ್ದರು. ಇದನ್ನು ಮೋಸ ಎಂದು ಕೂಗಿದವರು ಲೋಹದ ದಣಿವನ್ನು ಅರಿತಿದ್ದರೆ ಹಾಗೆ ಕೂಗುತ್ತಿರಲಿಲ್ಲ. ಇದರ ಮುಂದಿನ ಹಂತ ಮುಖ ಬಿರಿಯುವುದು. ಶಬ್ದ ಠಣ್ ಎನ್ನುವುದು ಬಿಟ್ಟು ಟೊಳ್ಳಾಗಿ ಕೇಳಿಸಿದರೆ ಆ ಡ್ರೈವರಿನ ಆಯುಷ್ಯ ಮುಗಿಯಿತು.

ಇಷ್ಟೆಲ್ಲ ಆದಮೇಲೆ, ಚೆಂಡಿಗೆ ಕಡಿವಾಣ ಬೇಕೇ? ಬೇಕು. ಅಮೆರಿಕದ ಪಿಜಿಎ ಟೂರಿನಲ್ಲಿ ಡ್ರೈವಿನ ಸರಾಸರಿ 1980ರಲ್ಲಿ ಸುಮಾರು 257 ಗಜ ಇತ್ತು, ಈಗ 300ರ ಹತ್ತಿರ. ಓಟ ಹೆಚ್ಚಿದಂತೆ ಮೈದಾನ ಹಿಗ್ಗಿಸುತ್ತಾರೆ. ಮಾಸ್ಟರ್ಸ್ ನಡೆಯುವ ಅಗಸ್ಟಾದ 13ನೇ ಹೋಲ್ (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ದಾರಿ) 2023ರಲ್ಲಿ 510 ಗಜದಿಂದ 545ಕ್ಕೆ ಬೆಳೆಯಿತು. ಅಲ್ಲಿ ಅದು ಒಂದು ಹೋಲಿನ ಮಾತು. ಉತ್ತರ ಕರ್ನಾಟಕದಂಥ ಒಣ ಸೀಮೆಯಲ್ಲಿ 14 ಹೋಲ್‌ಗಳನ್ನು ತಲಾ 35 ಗಜ ಹಿಗ್ಗಿಸಿದರೆ, ಫೇರ್‌ವೇ, ಅಂದರೆ ನಡುವಿನ ಹುಲ್ಲುಹಾದಿ, 40 ಗಜ ಅಗಲ ಎಂದುಕೊಂಡರೂ, ನಾಲ್ಕು ಎಕರೆ ಹುಲ್ಲು ಹೆಚ್ಚುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರುಣಿಸಿದರೆ 80 ಸಾವಿರ ಲೀಟರ್. ರಾಕಸ್ಕೊಪ್ಪದ ಜಲಾಶಯ ಏಪ್ರಿಲ್-ಮೇನಲ್ಲಿ ತಳ ಕಾಣುವಾಗ ಆತಂಕಪಡುವ ಊರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಿಲ್ಲ.

ವೃತ್ತಿಪರರಿಗೆ ಒಂದು ಚೆಂಡು, ಉಳಿದವರಿಗೆ ಇನ್ನೊಂದು ಎಂಬ ಪ್ರಸ್ತಾಪ 2023ರ ಮಾರ್ಚ್‌ನಲ್ಲಿ ಬಂದು ವಿರೋಧದಿಂದ ಬಿದ್ದುಹೋಯಿತು. ಕ್ರಿಕೆಟ್ಟಿನಲ್ಲಿ 2017ರಿಂದ ಬ್ಯಾಟಿನ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ಮೀರುವಂತಿಲ್ಲ. ಆ ನಿಯಮ ಬಂದಮೇಲೂ ಸಿಕ್ಸರ್‌ಗಳೇನೂ ನಿಲ್ಲಲಿಲ್ಲ. ದೂರವೇ ಗಾಲ್ಫ್ ಅಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಸಾಕ್ಷಿ. ಡ್ರೈವಿನ ದೂರ ಅವರ ಬಲವಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಟರ್ (ಕುಳಿಯ ಹತ್ತಿರ ಚೆಂಡು ಉರುಳಿಸುವ ಕೋಲು) ನೆಚ್ಚಿಕೊಂಡು 15 ಅಂಡರ್, ಅಂದರೆ ನಿಗದಿತ ಹೊಡೆತಗಳಿಗಿಂತ 15 ಕಡಿಮೆ, ಮುಟ್ಟಿದರು, ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು.

ಪಟ್ಟಿಂಗ್ ಮಾತು ಬಂದಿತಲ್ಲ, ಚೆಂಡಿನ ಸಮತೋಲವನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಚೆಂಡಿನ ಕನಿಷ್ಠ ವ್ಯಾಸ 42.67 ಮಿಲಿಮೀಟರ್, ಗರಿಷ್ಠ ತೂಕ 45.93 ಗ್ರಾಂ. ಅದರಂತೆ ಸಾಂದ್ರತೆ ನೀರಿನ 1.13 ಪಟ್ಟು, ಸಾದಾ ನೀರಿನಲ್ಲಿ ಮುಳುಗುತ್ತದೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 220 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬಿಡಿ, ಇಲ್ಲದಿದ್ದರೆ ಗುಳಿಗಳಲ್ಲಿ ಗಾಳಿಗುಳ್ಳೆ ಕುಳಿತು ಫಲಿತಾಂಶ ಸುಳ್ಳಾಗುತ್ತದೆ. ಚೆಂಡು ಇನ್ನೂ ಮುಳುಗುತ್ತಿದ್ದರೆ 10-10 ಗ್ರಾಂ ಉಪ್ಪು ಸೇರಿಸುತ್ತ ಹೋಗಿ. ತೇಲಿದಾಗ ನೀರಿನಿಂದ ಹೊರಗೆ ಇಣುಕುವ ಭಾಗವನ್ನು ಒರೆಸಿ, ಅದರ ನೆತ್ತಿಗೆ ಮಾರ್ಕರಿನಿಂದ ಚುಕ್ಕೆ ಇಡಿ. ಬೆರಳಿನಿಂದ ತಿರುಗಿಸಿ ಬಿಡಿ, ನಿಂತ ಮೇಲೆ ನೋಡಿ, ಐದಾರು ಸಲ ಮಾಡಿ. ಚುಕ್ಕೆ ಪ್ರತಿಸಲ ಬೇರೆ ಕಡೆ ನಿಂತರೆ ಚೆಂಡು ಸಮ. ಪ್ರತಿಸಲ ಅದೇ ಚುಕ್ಕೆ ತಟ್ಟನೆ ಮೇಲೆ ಬಂದರೆ ತಿರುಳು ಓರೆಯಾಗಿದೆ, ಭಾರ ಚುಕ್ಕೆಯ ಎದುರು ಮಗ್ಗುಲಲ್ಲಿದೆ. ಅಂಥ ಚೆಂಡನ್ನು ಎಸೆಯಬೇಕಿಲ್ಲ. ಚುಕ್ಕೆಯಿಂದ ಎದುರು ಮಗ್ಗುಲಿನ ಮೂಲಕ ಸುತ್ತಲೂ ಒಂದು ಗೆರೆ ಎಳೆದು, ಪಟ್ ಮಾಡುವಾಗ ಆ ಗೆರೆಯನ್ನು ಹೋಲಿನ ದಿಕ್ಕಿಗೆ ನಿಲ್ಲಿಸಿ ಇಟ್ಟರೆ ಭಾರದ ಭಾಗ ಮೇಲೆ-ಕೆಳಗೆ ಸುತ್ತುತ್ತದೆ, ಪಕ್ಕಕ್ಕೆ ಎಳೆಯುವುದಿಲ್ಲ.